ದುರ್ಯೋಧನ ಗೆದ್ದ, ದ್ರೌಪದಿಯ ಪ್ರಶ್ನೆ ಹಾಗೇ ಉಳಿಯಿತು

ಇವತ್ತು ರಾಜಕೀಯ ಬೇಡ, ನಾಟಕದ ಮಾತಾಡೋಣ. ಹಾಗಂತ ರಿಮೋಟ್ ಕೈಗೆ ತಗೋಬೇಡಿ. ಈ ನಾಟಕದೊಳಗೆ ನಮ್ಮ ಸಾವಿರ ವರ್ಷದ ಇತಿಹಾಸ ಇದೆ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧಪಟ್ಟ ಒಂದು ಪ್ರಶ್ನೆಯೂ ಇದೆ.

ಬಳ್ಳಾರಿ ಜಿಲ್ಲೆ, ಸಿರುಗುಪ್ಪ ತಾಲ್ಲೂಕು, ಹಚ್ಚೊಳ್ಳಿ ಹೋಬಳಿ. ಕರ್ನಾಟಕದ ನಕಾಶೆಯಲ್ಲಿ ಇದು ಅಂಚಿನ ಜಾಗ, ಪಕ್ಕದಲ್ಲೇ ಆಂಧ್ರದ ಗಡಿ. ಕನ್ನಡವೂ ನಡೆಯುತ್ತೆ, ತೆಲುಗೂ ನಡೆಯುತ್ತೆ. ತುಂಗಭದ್ರೆಯ ನೀರು, ಭತ್ತದ ಗದ್ದೆ, ಬಿಡುವಿಲ್ಲದ ದುಡಿಮೆ. ಸುಗ್ಗಿ ಮುಗಿದು ಜಾತ್ರೆ ಬಂತು ಅಂದ್ರೆ ಈ ಸೀಮೆಯ ಊರುಗಳಿಗೆ ಬಯಲಾಟ ಬೇಕು, ಇಲ್ಲಾಂದ್ರೆ ಕಂಪನಿ ಶೈಲಿಯ ಪೌರಾಣಿಕ ನಾಟಕ ಬೇಕು. ಹಗಲು ಗದ್ದೆಯಲ್ಲಿ ಇದ್ದವರು ರಾತ್ರಿ ತಲೆಗೆ ಕಿರೀಟ, ಹೆಗಲಿಗೆ ಭುಜಕೀರ್ತಿ ಕಟ್ಟಿಕೊಂಡು ಕೌರವ ಪಾಂಡವರಾಗ್ತಾರೆ.

ಈಗ ಒಂದು ಪ್ರಶ್ನೆ ಕೇಳ್ತೀನಿ. ಮಹಾಭಾರತದ ನಾಟಕ ಆಡೋಣ ಅಂತ ಊರಿನ ಹುಡುಗರು ಸೇರಿದಾಗ ಎಲ್ಲರೂ ಮುಗಿಬೀಳೋ ಪಾತ್ರ ಯಾವುದು? ಧರ್ಮರಾಯನದ್ದಾ? ಇಲ್ಲ. ಅರ್ಜುನನದ್ದಾ? ಅದೂ ಅಲ್ಲ. 'ಮಾಸ್ತರ್ರೇ, ಎಷ್ಟು ಖರ್ಚಾದ್ರೂ ಪರವಾಗಿಲ್ರಿ, ದುರ್ಯೋಧನನ ಪಾರ್ಟು ನನಗೇ ಇರ್ಲಿ' ಅಂತಾರೆ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಪಾತ್ರ ಹಂಚುವಾಗ ಅತಿ ಹೆಚ್ಚು ದುಡ್ಡು ಕಟ್ಟಬೇಕಾದ ಪಾತ್ರ ದುರ್ಯೋಧನನದ್ದೇ. ಗದೆ ಹೆಗಲಿಗೇರಿಸಿ ಅವನು ರಂಗಕ್ಕೆ ಬಂದ ಅಂದ್ರೆ ಶಿಳ್ಳೆ, ಚಪ್ಪಾಳೆ, ಒನ್ಸ್‌ಮೋರ್.

ಸ್ವಲ್ಪ ಯೋಚನೆ ಮಾಡಿ. ತುಂಬಿದ ಸಭೆಗೆ ಒಬ್ಬ ಹೆಣ್ಣುಮಗಳನ್ನು ಕೂದಲು ಹಿಡಿದು ಎಳೆಸಿಕೊಂಡು ಬಂದವನು. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡಲ್ಲ ಅಂದವನು. ಈ ಕಥೆಯ ಖಳನಾಯಕ ನಮ್ಮೂರಿನ ಹೀರೋ ಆಗಿದ್ದು ಹೇಗೆ? ಯಾವಾಗ? ಯಾರು ಮಾಡಿದ್ದು?

ಒಬ್ಬರು ಮಾಡಿದ್ದಲ್ಲ, ಒಂದು ದಿನದಲ್ಲಿ ಆದದ್ದೂ ಅಲ್ಲ. ಟಿವಿಯಲ್ಲಿ ನಾವು ಅರ್ಧ ಗಂಟೆಯ ಚರ್ಚೆ ಮಾಡಿ ತೀರ್ಪು ಕೊಟ್ಟು ಎದ್ದು ಹೋಗ್ತೀವಿ. ದುರ್ಯೋಧನನ ಕೇಸು ಕನ್ನಡನಾಡಿನಲ್ಲಿ ಸಾವಿರ ವರ್ಷದಿಂದ ನಡೀತಾ ಇದೆ.

ಶುರು ಮಾಡಿದವರು ನಮ್ಮ ಆದಿಕವಿಗಳೇ. ಪಂಪ 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದ. ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಬರೆದ ಕಾವ್ಯ ಅದು. ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯೋದು ಕರ್ಣ; ಜೊತೆಗೆ ಹಿಡಿದ ಹಟ ಬಿಡದ ದುರ್ಯೋಧನ. ಆಮೇಲೆ ಬಂದ ರನ್ನ, ಸುಮಾರು ಕ್ರಿ.ಶ. 1000ದ ಹೊತ್ತಿಗೆ, ಗದಾಯುದ್ಧ ಬರೆದ. ಕಲ್ಯಾಣದ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮ ವಿಜಯ. ಅಂದ್ರೆ ಗೆಲ್ಲಬೇಕಾದವನು ಭೀಮ, ಹೊಗಳಿಸಿಕೊಳ್ಳಬೇಕಾದವನೂ ಭೀಮ. ಆದರೆ ರನ್ನ ಏನು ಮಾಡಿದ ನೋಡಿ. ಯುದ್ಧ ಮುಗಿಯುತ್ತಾ ಬಂದ ಕುರುಕ್ಷೇತ್ರದಲ್ಲಿ, ಹೆಣಗಳ ನಡುವೆ ದುರ್ಯೋಧನನನ್ನು ನಡೆಸಿಕೊಂಡು ಹೋದ. ಗುರು ದ್ರೋಣನ ಹೆಣ, ತಮ್ಮ ದುಶ್ಶಾಸನನ ಹೆಣ, ಗೆಳೆಯ ಕರ್ಣನ ಹೆಣ. ಒಂದೊಂದರ ಮುಂದೆಯೂ ಅವನನ್ನು ನಿಲ್ಲಿಸಿ ಅಳಿಸಿದ. ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೂ ಅವನ ಬಾಯಿಂದ ಮೆಚ್ಚುಗೆ ಹೇಳಿಸಿದ. ಕವಿಯ ಋಣ ಭೀಮನ ಕಡೆಗಿತ್ತು, ಕವಿಯ ಕಣ್ಣೀರು ದುರ್ಯೋಧನನ ಕಡೆಗೆ ಹರಿಯಿತು.

ಇದು ಪಂಡಿತರ ಲೋಕ. ಹಳ್ಳಿಗೆ ಈ ಕಥೆ ತಲುಪಿದ್ದು ಬೇರೆ ದಾರಿಯಲ್ಲಿ. ಕುಮಾರವ್ಯಾಸನ ಭಾರತವನ್ನು ಓದಿ, ಹಾಡಿ, ಅರ್ಥ ಹೇಳುವವರು ಊರೂರಲ್ಲಿ ಇದ್ದರು. ಇದೇ ಬಳ್ಳಾರಿ ಸೀಮೆಯ ಜೋಳದರಾಶಿ ದೊಡ್ಡನಗೌಡರು ಗಮಕಿಗಳಾಗಿ, ನಟರಾಗಿ, ನಾಟಕಕಾರರಾಗಿ ಹೆಸರಾದವರು. ಇನ್ನೊಂದು ದಾರಿ ದೊಡ್ಡಾಟ. ದೊಡ್ಡಾಟದಲ್ಲಿ ಸಾರಥಿ ಅಂತ ಒಬ್ಬ ಇರ್ತಾನೆ. ರಾಜನೇ ಬರಲಿ ರಾಕ್ಷಸನೇ ಬರಲಿ, ಎದುರಿಗೆ ನಿಂತು 'ಯಾರಪ್ಪಾ ನೀನು, ಯಾವ ಊರು, ಇಲ್ಲಿಗೆ ಬಂದ ಕಾರಣ ಏನು' ಅಂತ ವಿಚಾರಿಸ್ತಾನೆ. ನನ್ನ ಪ್ರಕಾರ ನಮ್ಮ ನಾಡಿನ ಮೊದಲ ಆ್ಯಂಕರ್ ಅಂದ್ರೆ ಅವನೇ! ಸಾರಥಿ ಪ್ರಶ್ನೆ ಕೇಳಿದ ಮೇಲೆ ದುರ್ಯೋಧನನೂ ಉತ್ತರ ಕೊಡಲೇಬೇಕು. ಉತ್ತರ ಕೊಡೋಕೆ ಅವಕಾಶ ಸಿಕ್ಕಿತು ಅಂದ್ರೆ ಅವನ ಪಕ್ಷವೂ ಜನರ ಕಿವಿಗೆ ಬಿತ್ತು ಅಂತಲೇ ಅರ್ಥ. ಕಾವ್ಯಕ್ಕೂ ನಾಟಕಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಕಾವ್ಯದಲ್ಲಿ ಕವಿ ಮಾತಾಡ್ತಾನೆ. ನಾಟಕದಲ್ಲಿ ಆರೋಪಿಯೇ ಕಟಕಟೆಗೆ ಬಂದು ಮಾತಾಡ್ತಾನೆ.

ಕಟಕಟೆ ಅಂದ ಕೂಡಲೇ ಬಳ್ಳಾರಿ ನಗರಕ್ಕೆ ಬರಬೇಕು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸಿರುಗುಪ್ಪವೂ ಸೇರಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂದಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೂ ಬಹಳ ಮೊದಲೇ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಈ ನಗರದಿಂದ ತೆಲುಗು ರಂಗಭೂಮಿಯ ಚರಿತ್ರೆಯನ್ನೇ ತಿರುಗಿಸಿದ ಜನ ಬಂದರು. ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು, ಆಮೇಲೆ ಬಳ್ಳಾರಿ ರಾಘವ ಅಂತಲೇ ದೇಶಕ್ಕೆಲ್ಲ ಪರಿಚಯವಾದ ತಾಡಿಪತ್ರಿ ರಾಘವಾಚಾರ್ಯರು. ಮೂವರ ವೃತ್ತಿ ಏನು ಗೊತ್ತಾ? ಮೂವರೂ ವಕೀಲರು!

ಹಗಲು ನ್ಯಾಯಾಲಯ, ರಾತ್ರಿ ನಾಟಕ. ನಮ್ಮ ಹಳೆಯ ನಾಟಕಶಾಸ್ತ್ರದ ಪದ್ಧತಿ ಪ್ರಕಾರ ನಾಟಕ ಮಂಗಳದಲ್ಲಿ ಮುಗಿಯಬೇಕು. ರಾಮಕೃಷ್ಣಮಾಚಾರ್ಯರು ಅದನ್ನು ಒಪ್ಪಲಿಲ್ಲ. ಮಲತಾಯಿಯ ಸುಳ್ಳು ಆರೋಪಕ್ಕೆ ಸಿಕ್ಕಿ ಕೈಕಾಲು ಕಡಿಸಿಕೊಳ್ಳುವ ರಾಜಕುಮಾರ ಸಾರಂಗಧರನ ಕಥೆ ಜನಕ್ಕೆ ಮೊದಲೇ ಗೊತ್ತಿತ್ತು. ಅದನ್ನೇ ತಗೊಂಡು 'ವಿಷಾದ ಸಾರಂಗಧರ' ಬರೆದರು. ತೆಲುಗಿನಲ್ಲಿ ದುರಂತ ನಾಟಕಕ್ಕೆ ದಾರಿ ಮಾಡಿಕೊಟ್ಟವರು ಅಂತ ಅವರ ಹೆಸರು ಹೇಳ್ತಾರೆ. ಹಳೆಯ ಕಥೆ ಅದೇ, ಪಾತ್ರಗಳೂ ಅವೇ. ಆದರೆ ತಪ್ಪು ಮಾಡದವನಿಗೂ ಶಿಕ್ಷೆ ಆಗುತ್ತೆ ಅನ್ನೋ ಸತ್ಯವನ್ನು ಮುಚ್ಚಿಡದೆ ಹೇಳಿದರು. ವಕೀಲರಿಗೆ ಗೊತ್ತಿಲ್ಲದ ಸತ್ಯ ಏನಲ್ಲ ಅದು.

ಅವರ ಸೋದರಳಿಯನೇ ರಾಘವ. ಹುಟ್ಟಿದ್ದು 1880, ತೀರಿಕೊಂಡಿದ್ದು 1946. ಹಿರಣ್ಯಕಶಿಪು, ದುರ್ಯೋಧನ, ಪಠಾಣ್ ರುಸ್ತುಂ, ಒಥೆಲೊ, ಷೈಲಾಕ್... ಪಟ್ಟಿ ನೋಡಿ, ಬಹುತೇಕ ಎಲ್ಲವೂ ಲೋಕ ಬೈಯುವ ಪಾತ್ರಗಳು, ಇಲ್ಲವೇ ಲೋಕ ತಪ್ಪು ತಿಳಿದ ಪಾತ್ರಗಳು. ಕೂಗಾಟ, ರಾಗಾಲಾಪ ತುಂಬಿದ್ದ ಕಾಲದಲ್ಲಿ ರಾಘವರು ಪದ್ಯ ಕಡಿಮೆ ಮಾಡಿ, ಮಾತಿಗೆ, ಮುಖಕ್ಕೆ, ಮೌನಕ್ಕೆ ಬೆಲೆ ಕೊಟ್ಟರು. ಖಳನ ಒಳಗೂ ಒಂದು ಮನಸ್ಸಿದೆ ಅಂತ ತೋರಿಸಿದರು. 1936ರಲ್ಲಿ ದ್ರೌಪದಿಯ ಮಾನಭಂಗದ ಕಥೆಯನ್ನು ಎರಡು ಕಂಪನಿಗಳು ಪೈಪೋಟಿಗೆ ಬಿದ್ದು ತೆಲುಗಿನಲ್ಲಿ ಸಿನಿಮಾ ಮಾಡಿದವು. ಅದರಲ್ಲಿ ಒಂದಾದ 'ದ್ರೌಪದೀ ಮಾನಸಂರಕ್ಷಣಂ' ಚಿತ್ರದ ದುರ್ಯೋಧನ ನಮ್ಮ ಬಳ್ಳಾರಿ ರಾಘವರೇ.

ರಾಘವರು ಮಾಡಿದ ಷೈಲಾಕ್ ಪಾತ್ರದ ಕಥೆಯನ್ನೂ ಇಲ್ಲಿ ಹೇಳಲೇಬೇಕು. ಯಾಕೆಂದ್ರೆ ದುರ್ಯೋಧನನಿಗೆ ಆದದ್ದು ಇಂಗ್ಲೆಂಡಿನಲ್ಲಿ ಷೈಲಾಕನಿಗೂ ಆಯಿತು. ಷೇಕ್ಸ್‌ಪಿಯರ್ 1596-98ರ ಸುಮಾರಿಗೆ 'ಮರ್ಚಂಟ್ ಆಫ್ ವೆನಿಸ್' ಬರೆದ. ಸಾಲ ತೀರಿಸದಿದ್ದರೆ ಒಂದು ಪೌಂಡ್ ಮಾಂಸ ಕೊಡು ಅನ್ನುವ ಯಹೂದಿ ಸಾಹುಕಾರ ಷೈಲಾಕ್. ಬಹಳ ಕಾಲ ಅವನನ್ನು ನಗೆಪಾಟಲಿನ ಪಾತ್ರವಾಗಿಯೋ ರಾಕ್ಷಸನಾಗಿಯೋ ಆಡಿದರು. 1814ರಲ್ಲಿ ಎಡ್ಮಂಡ್ ಕೀನ್ ಅನ್ನೋ ನಟ ಲಂಡನ್ನಿನಲ್ಲಿ ಅವನನ್ನು ಮನುಷ್ಯನನ್ನಾಗಿ ಮಾಡಿ ನಿಲ್ಲಿಸಿದ. 1879ರಲ್ಲಿ ಹೆನ್ರಿ ಇರ್ವಿಂಗ್ ಅವನಿಗೆ ಘನತೆ ಕೊಟ್ಟ. ಜನಾಂಗದ ಕಾರಣಕ್ಕೆ ಅವಮಾನ ತಿಂದು ತಿಂದು ಕಹಿಯಾದ ಮನುಷ್ಯ ಅಂತ ನೋಡಿದವರಿಗೆ ಅನ್ನಿಸಿತು. ಅಲ್ಲಿಗೆ ಮುಗೀತಾ? ಇಲ್ಲ. 1943ರಲ್ಲಿ, ನಾಜಿಗಳ ಕೈಯಲ್ಲಿದ್ದ ವಿಯೆನ್ನಾದಲ್ಲಿ, ಅದೇ ನಾಟಕವನ್ನು ಯಹೂದಿಗಳ ಮೇಲೆ ದ್ವೇಷ ಹುಟ್ಟಿಸೋಕೆ ಆಡಿದರು. ನಾಟಕ ಅದೇ, ಮಾತು ಅವೇ, ಆಡಿಸುವವರ ಉದ್ದೇಶ ಬೇರೆ. ಅಂದ್ರೆ ಹಳೆಯ ನಾಟಕಕ್ಕೆ ಹೊಸ ಅರ್ಥ ಹಚ್ಚುವುದು ಯಾವಾಗಲೂ ಒಳ್ಳೆಯದಕ್ಕೇ ಆಗುತ್ತೆ ಅಂತೇನಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ವಿಮರ್ಶಕರ ಕಡೆ ಬರೋಣ. ಸುಮಾರು 1909ರಲ್ಲಿ ತಿರುವಾಂಕೂರಿನ ಸೀಮೆಯಲ್ಲಿ ಟಿ. ಗಣಪತಿ ಶಾಸ್ತ್ರಿಗಳಿಗೆ ಕೆಲವು ತಾಳೆಗರಿ ಸಿಕ್ಕವು. ಒಳಗೆ ಸಂಸ್ಕೃತ ನಾಟಕಗಳು. ಭಾಸನವು ಅಂತ ಹೇಳಿ 1912ರಿಂದ ಅಚ್ಚು ಹಾಕಿಸುತ್ತಾ ಬಂದರು, ಒಟ್ಟು 13 ನಾಟಕ. ಅವು ಭಾಸನವೇ ಹೌದಾ ಅನ್ನೋ ವಾದ ಇವತ್ತಿಗೂ ಇದೆ. ಆ 13ರಲ್ಲಿ ಒಂದು ಊರುಭಂಗ. ತೊಡೆ ಮುರಿದು ಬಿದ್ದ ದುರ್ಯೋಧನ, ಅವನನ್ನು ಹುಡುಕಿಕೊಂಡು ಬರುವ ಕುರುಡ ತಂದೆ, ತಾಯಿ, ಹೆಂಡಿರು. ಪುಟ್ಟ ಮಗ ದುರ್ಜಯ ಓಡಿ ಬಂದು ಎಂದಿನಂತೆ ಅಪ್ಪನ ತೊಡೆಯೇರಲು ಹೋಗ್ತಾನೆ. ಅಪ್ಪ ಕೂರಿಸಿಕೊಳ್ಳುವ ಹಾಗಿಲ್ಲ. ಕಲ್ಲು ಮನಸ್ಸೂ ಕರಗಬೇಕು.

ಕನ್ನಡದಲ್ಲಿ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಪದ್ಯಗಳನ್ನೇ ಆಯ್ದು ಜೋಡಿಸಿ 'ಗದಾಯುದ್ಧ ನಾಟಕಂ' ತಂದರು. ಅವರಿಗೆ ಗ್ರೀಕ್ ದುರಂತ ನಾಟಕಗಳ ಹುಚ್ಚು ಅಭಿಮಾನ. ದೊಡ್ಡ ಮನುಷ್ಯ, ಅವನೊಳಗೇ ಒಂದು ದೋಷ, ಆ ದೋಷದಿಂದಲೇ ಅವನ ಪತನ. ಅದನ್ನು ನೋಡಿ ನಮಗೆ ಮರುಕವೂ ಆಗಬೇಕು, ಭಯವೂ ಆಗಬೇಕು. ಆ ಕನ್ನಡಕ ಹಾಕಿಕೊಂಡು ರನ್ನನನ್ನು ನೋಡಿದರೆ ದುರ್ಯೋಧನ ಖಳನಾಗಿ ಕಾಣಲ್ಲ, ದುರಂತ ನಾಯಕನಾಗಿ ಕಾಣ್ತಾನೆ. ಗದಾಯುದ್ಧದ ನಾಯಕ ಭೀಮನಾ, ದುರ್ಯೋಧನನಾ? ಕನ್ನಡ ವಿಮರ್ಶೆಯಲ್ಲಿ ಈ ಜಗಳ ದಶಕಗಟ್ಟಲೆ ನಡೆಯಿತು. ಕಾಲೇಜಿನಲ್ಲಿ ಕನ್ನಡ ಓದಿದವರಿಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಯಾಗಿ ಬಂದದ್ದು ನೆನಪಿರಬಹುದು.

ವಿಶ್ವವಿದ್ಯಾಲಯದಲ್ಲಿ ಹೀಗೆ ಜಗಳ ನಡೀತಿರುವಾಗಲೇ ರಂಗದ ಮೇಲೆ ಜನ ಬೇರೆಯೇ ತೀರ್ಪು ಕೊಟ್ಟಾಗಿತ್ತು. ಇಲ್ಲಿ ಕಂದಗಲ್ಲ ಹನುಮಂತರಾಯರ ಹೆಸರು ಬರಬೇಕು. ಕರ್ನಾಟಕದ ಷೇಕ್ಸ್‌ಪಿಯರ್ ಅಂತ ಜನ ಕರೆದ ನಾಟಕಕಾರ, 1896ರಿಂದ 1966ರವರೆಗೆ ಬದುಕಿದ್ದವರು. ಅವರ 'ಕುರುಕ್ಷೇತ್ರ', 'ರಕ್ತರಾತ್ರಿ' ಉತ್ತರ ಕರ್ನಾಟಕ, ಬಳ್ಳಾರಿ ಕಡೆಯ ಹಳ್ಳಿ ರಂಗಭೂಮಿಗೆ ಉಸಿರಿದ್ದ ಹಾಗೆ. ಮಾತು ಕೇಳೋಕೆ ಅಂತಲೇ ಜನ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಕೂತಿರ್ತಾರೆ. ಈ ರಂಗಭೂಮಿಯಲ್ಲಿ ಶಕುನಿಗೂ ಒಂದು ಕಾರಣ ಸಿಕ್ಕಿದೆ. ಕೌರವರು ತನ್ನ ತಂದೆಯನ್ನು, ಅಣ್ಣತಮ್ಮಂದಿರನ್ನು ಸೆರೆಯಲ್ಲಿಟ್ಟು ಹಸಿವಿನಿಂದ ಸಾಯಿಸಿದರು. ಆ ಸೇಡಿಗೆ ಅಪ್ಪನ ಎಲುಬಿನಿಂದ ದಾಳ ಮಾಡಿ ಕುರುವಂಶವನ್ನೇ ಮುಗಿಸಲು ಬಂದ. ವ್ಯಾಸಭಾರತದಲ್ಲಿ ಈ ಕಥೆ ಇಲ್ಲ. ಜನರ ಬಾಯಲ್ಲಿ ಬೆಳೆದು ರಂಗಕ್ಕೆ ಬಂದದ್ದು. ಹಾಗೆ ಶಕುನಿಗೆ ಸೇಡಿನ ಕಾರಣ ಸಿಕ್ಕಿದ ಮೇಲೆ ದುರ್ಯೋಧನನ ಅರ್ಧ ಪಾಪ ಮಾವನ ತಲೆಗೆ ಹೋಯಿತು.

ಜನ ಯಾಕೆ ಹೀಗೆ ಮಾಡಿದರು? ಅದಕ್ಕೆ ಕಾರಣ ಇದೆ, ಸಣ್ಣ ಕಾರಣವಲ್ಲ. ಕರ್ಣನನ್ನು ನೀನು ಯಾವ ಕುಲ ಅಂತ ತುಂಬಿದ ರಂಗಸ್ಥಳದಲ್ಲಿ ಕೇಳಿದಾಗ, ಕುಲ ಕೇಳದೆ ಅಂಗರಾಜ್ಯ ಕೊಟ್ಟವನು ದುರ್ಯೋಧನ. ಹುಟ್ಟಿದ ಜಾತಿಯ ಕಾರಣಕ್ಕೆ ದೇವಸ್ಥಾನದ ಹೊರಗೆ ನಿಂತವರು, ಗೌಡರ ಕಟ್ಟೆಯ ಕೆಳಗೆ ಕೂತವರು ಆ ಒಂದು ದೃಶ್ಯ ನೋಡಿದರೆ ಅವರಿಗೆ ಏನನ್ನಿಸಬೇಕು ಹೇಳಿ! ಧರ್ಮ ಧರ್ಮ ಅಂತ ಹೇಳಿದವರು ಕೊಡದ ಗೌರವವನ್ನು ಅಧರ್ಮಿ ಅನ್ನಿಸಿಕೊಂಡವನು ಕೊಟ್ಟ. 1977ರಲ್ಲಿ ಎನ್.ಟಿ. ರಾಮರಾವ್ 'ದಾನ ವೀರ ಶೂರ ಕರ್ಣ' ತೆಗೆದು, ಕರ್ಣ, ದುರ್ಯೋಧನ, ಕೃಷ್ಣ ಮೂರೂ ತಾವೇ ಆದಾಗ ತೆಲುಗು ಸೀಮೆ ಹುಚ್ಚೆದ್ದು ನೋಡಿತು. 2019ರಲ್ಲಿ ನಮ್ಮ ಕನ್ನಡದಲ್ಲೇ ದೊಡ್ಡ ಬಂಡವಾಳ ಹಾಕಿ 'ಕುರುಕ್ಷೇತ್ರ' ಮಾಡಿದಾಗ ನಾಯಕನಟ ದರ್ಶನ್ ಮಾಡಿದ ಪಾತ್ರ ಯಾವುದು? ದುರ್ಯೋಧನ! ಕೇರಳದ ಕೊಲ್ಲಂ ಜಿಲ್ಲೆಯ ಪೊರುವಳಿಯಲ್ಲಂತೂ ಮಲನಡ ಅನ್ನೋ ಸ್ಥಳದಲ್ಲಿ ದುರ್ಯೋಧನನನ್ನು ದೈವವಾಗಿ ಪೂಜೆ ಮಾಡ್ತಾರೆ.

ಹಾಗಾಗಿ ದುರ್ಯೋಧನನ ಕೇಸಿನಲ್ಲಿ ನನಗೆ ತಕರಾರಿಲ್ಲ. ಸೋತವನ ಮಾತನ್ನೂ ಕೇಳಿದ ಸಮಾಜ ದೊಡ್ಡ ಸಮಾಜ. ನನ್ನ ತಕರಾರು ಬೇರೆ. ಅವನಿಗೆ ನ್ಯಾಯ ಕೊಡುವ ಭರದಲ್ಲಿ ಲೆಕ್ಕ ಯಾರ ತಲೆಗೆ ಬಂತು? ದ್ರೌಪದಿಯ ತಲೆಗೆ.

'ಆಕೆ ನಗದೇ ಇದ್ದಿದ್ರೆ ಭಾರತವೇ ನಡೀತಿರಲಿಲ್ಲ' ಅಂತ ಹೇಳೋದನ್ನು ಕೇಳಿದ್ದೀರಲ್ವಾ? ಮಯಸಭೆಗೆ ಬಂದ ದುರ್ಯೋಧನ ನೆಲ ಅಂದುಕೊಂಡು ನೀರಿಗೆ ಬಿದ್ದ. ಮೇಲಿನಿಂದ ನೋಡಿದ ದ್ರೌಪದಿ ನಕ್ಕು 'ಕುರುಡನ ಮಗನೂ ಕುರುಡ' ಅಂದಳು. ಆ ಮಾತಿನ ಗಾಯವೇ ವಸ್ತ್ರಾಪಹರಣಕ್ಕೆ ಕಾರಣ. ನಾಟಕದಲ್ಲಿ, ಹರಿಕಥೆಯಲ್ಲಿ, ಅರಳಿಕಟ್ಟೆಯಲ್ಲಿ ಇದು ಸತ್ಯ ಅಂತಲೇ ಓಡಾಡುತ್ತೆ. 1988ರಿಂದ 90ರವರೆಗೆ ದೂರದರ್ಶನದಲ್ಲಿ ಬಂದ ಬಿ.ಆರ್. ಚೋಪ್ರಾ ಅವರ ಮಹಾಭಾರತ ಆ ಮಾತನ್ನು ದೇಶದ ಮನೆಮನೆಗೂ ಮುಟ್ಟಿಸಿತು.

ಈಗ ದಾಖಲೆ ನೋಡೋಣ. ನಮ್ಮ ಕಸುಬೇ ಅದಲ್ವಾ? ಪುಣೆಯ ಭಂಡಾರ್ಕರ್ ಸಂಸ್ಥೆಯವರು ದೇಶದ ಮೂಲೆಮೂಲೆಯ ಹಸ್ತಪ್ರತಿಗಳನ್ನು ಹೋಲಿಸಿ, ದಶಕಗಳ ಕಾಲ ದುಡಿದು, 1966ರ ಹೊತ್ತಿಗೆ ಮಹಾಭಾರತದ ಪರಿಷ್ಕೃತ ಪಠ್ಯ ಮುಗಿಸಿದರು. ಆ ಪಠ್ಯದ ಸಭಾಪರ್ವ ತೆಗೆದು ನೋಡಿ. ದುರ್ಯೋಧನ ನೀರಿಗೆ ಬಿದ್ದಾಗ ಕಥೆ ಹೇಳುವವನ ಪ್ರಕಾರ ನಕ್ಕವರು ಆಳುಗಳು, ಭೀಮ, ಅರ್ಜುನ, ನಕುಲ, ಸಹದೇವ. ದ್ರೌಪದಿಯ ಹೆಸರು ಅಲ್ಲಿಲ್ಲ. ಹಾಗಾದರೆ ಆಕೆ ನಕ್ಕಳು ಅಂದವರು ಯಾರು? ದುರ್ಯೋಧನನೇ. ಹಸ್ತಿನಾವತಿಗೆ ವಾಪಸ್ ಬಂದು ಅಪ್ಪನ ಮುಂದೆ ದೂರು ಹೇಳುವಾಗ, ಕೃಷ್ಣನೂ ನಕ್ಕ, ಹೆಂಗಸರ ಜೊತೆ ದ್ರೌಪದಿಯೂ ನಕ್ಕಳು ಅಂತ ಸೇರಿಸ್ತಾನೆ. ಅಂದ್ರೆ ಇದು ಆರೋಪಿಯ ಹೇಳಿಕೆ! ಇನ್ನು 'ಕುರುಡನ ಮಗ ಕುರುಡ' ಅನ್ನುವ ಮಾತು? ದುರ್ಯೋಧನನ ದೂರಿನಲ್ಲೂ ಅದನ್ನು ದ್ರೌಪದಿ ಹೇಳಿದಳು ಅಂತಿಲ್ಲ. ಆರೋಪಿಯೂ ಹೊರಿಸದ ಆರೋಪವನ್ನು ನಾವು ಆಕೆಯ ಮೇಲೆ ಹೊರಿಸಿದ್ದೀವಿ.

ಒಂದು ಪಕ್ಷ ನಕ್ಕಳು ಅಂತಲೇ ಇಟ್ಟುಕೊಳ್ಳಿ. ನಕ್ಕಿದ್ದಕ್ಕೆ ಶಿಕ್ಷೆ ತುಂಬಿದ ಸಭೆಯಲ್ಲಿ ಸೀರೆ ಎಳೆಯುವುದಾ? 'ಆಕೆ ಹಾಗೆ ಮಾತಾಡಬಾರದಿತ್ತು', 'ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಬಾರದಿತ್ತು', 'ಅಂಥ ಬಟ್ಟೆ ಹಾಕಬಾರದಿತ್ತು' ಅಂತ ದೌರ್ಜನ್ಯದ ಸುದ್ದಿ ಬಂದಾಗಲೆಲ್ಲ ಹೇಳೋರನ್ನು ನಾನು ನೋಡಿದ್ದೀನಿ, ನೀವೂ ನೋಡಿದ್ದೀರಿ. ಆ ವಾದ ಹೊಸದಲ್ಲ. ಮಯಸಭೆಯ ನಗೆಯ ಕಥೆಯಲ್ಲಿ ಅದು ಯಾವತ್ತೋ ತಾಲೀಮು ಮುಗಿಸಿದೆ.

ಊರುಭಂಗ ನೋಡಿ ಅಳ್ತೀವಿ, ಅಳಬೇಕು. ಆದರೆ ಒಂದು ಕೇಳ್ತೀನಿ, ಮುರಿದ ಆ ತೊಡೆ ಯಾವುದು? ಸಭೆಯಲ್ಲಿ ಬಟ್ಟೆ ಸರಿಸಿ ದ್ರೌಪದಿಗೆ ತೋರಿಸಿದ ತೊಡೆ. ಭೀಮ ಶಪಥ ಮಾಡಿದ್ದು ಅದಕ್ಕೇ. ನಾವು ಹೊಗಳುವ ಗೆಳೆಯ ಕರ್ಣ? ಅದೇ ಸಭೆಯಲ್ಲಿ ಆಕೆಯನ್ನು ಕೆಟ್ಟ ಮಾತಿನಲ್ಲಿ ಹೀಯಾಳಿಸಿ, ಬಟ್ಟೆ ಬಿಚ್ಚು ಅಂತ ದುಶ್ಶಾಸನನಿಗೆ ಹೇಳಿದವನು. ಕುಲದ ಅವಮಾನ ಉಂಡವನಿಗೆ ಹೆಣ್ಣಿನ ಅವಮಾನ ಕಾಣಲಿಲ್ಲ. ಈ ದುರಂತವನ್ನೂ ರಂಗದ ಮೇಲೆ ತೋರಿಸಬೇಕಲ್ವಾ?

ಇದು ಬರೀ ಪಾತ್ರದ ಪ್ರಶ್ನೆಯಲ್ಲ, ಆ ಪಾತ್ರ ಮಾಡುವ ಹೆಣ್ಣಿನ ಪ್ರಶ್ನೆ. ಹಳ್ಳಿ ನಾಟಕದಲ್ಲಿ ದುರ್ಯೋಧನ ಊರಿನ ಮಗ. ದ್ರೌಪದಿ? ಬಳ್ಳಾರಿಯಿಂದಲೋ ಮರಿಯಮ್ಮನಹಳ್ಳಿ ಕಡೆಯಿಂದಲೋ ಸಂಭಾವನೆ ಮಾತಾಡಿ ಕರೆಸಿದ ಕಲಾವಿದೆ. ರಾತ್ರಿ ಇಡೀ ದ್ರೌಪದಿಯಾಗಿ ನಿಂತು, ಬೆಳಗಾಗೆದ್ದು ಬಸ್ಸು ಹಿಡಿಯುವವಳು. ಎಷ್ಟೋ ಸಲ ರಂಗದ ಕೆಳಗಿನ ಮಾತು, ನೋಟ ರಂಗದ ಮೇಲಿನ ಸಭೆಗಿಂತ ಬೇರೆ ಇರಲ್ಲ. ಬಳ್ಳಾರಿ ರಾಘವರು ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳೂ ರಂಗಕ್ಕೆ ಬರಬೇಕು, ಸ್ತ್ರೀ ಪಾತ್ರವನ್ನು ಸ್ತ್ರೀಯೇ ಮಾಡಬೇಕು ಅಂತ ಪಟ್ಟು ಹಿಡಿದವರು. ಆದರೆ ಆ ಕಾಲದ ಸಮಾಜ ಮರ್ಯಾದೆಯನ್ನು ಮನೆತನದಿಂದ ಅಳೆಯಿತೇ ಹೊರತು ಕಲೆಯಿಂದ ಅಳೆಯಲಿಲ್ಲ. ಆ ಅಳತೆಯನ್ನು ಬದಲಿಸಿದವರು ಕಲಾವಿದೆಯರೇ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ರಕ್ತರಾತ್ರಿಯ ದ್ರೌಪದಿ ಅಂತಲೇ ಹೆಸರಾದವರು. 2020ರ ಜುಲೈನಲ್ಲಿ ಅವರು ತೀರಿಕೊಂಡಾಗ ಜನ ನೆನಪಿಸಿಕೊಂಡದ್ದು ಅವರ ಹಾಡು, ಅವರ ಮಾತಿನ ಗತ್ತು. ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ದುರ್ಯೋಧನನಂಥ ಪಾತ್ರಗಳಿಗೆ ತಾವೇ ಮೀಸೆ ಹಚ್ಚಿಕೊಂಡರು. 2012ರಲ್ಲಿ ಪದ್ಮಶ್ರೀ ಬಂತು. ಗದೆ ಹೆಣ್ಣಿನ ಕೈಗೆ ಬಂದ ಮೇಲೆ ಕಥೆ ಬೇರೆ ಥರ ಕಾಣದೆ ಇರುತ್ತಾ?

ಇಲ್ಲಿ ಕೆಲವರು ಎದ್ದು ಕೇಳಬಹುದು. 'ಸ್ವಾಮಿ, ಹಳೆಯ ಕಥೆಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಬಹುದಾ?' ನ್ಯಾಯವಾದ ಪ್ರಶ್ನೆ. ಕನ್ನಡದಲ್ಲಿ ಇದನ್ನು ಇಬ್ಬರು ದೊಡ್ಡವರು ಚರ್ಚೆ ಮಾಡಿದ್ದಾರೆ. 1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ' ಬರೆದರು. ರಾಮಾಯಣದ ಉತ್ತರಕಾಂಡದಲ್ಲಿ ತಪಸ್ಸು ಮಾಡಿದ್ದಕ್ಕೆ ಶಂಬೂಕನನ್ನು ರಾಮ ಕೊಲ್ಲುತ್ತಾನೆ. ಕುವೆಂಪು ನಾಟಕದಲ್ಲಿ ರಾಮನ ಅಸ್ತ್ರ ಶಂಬೂಕನನ್ನು ಕೊಲ್ಲಲ್ಲ. ಶಂಬೂಕನ ಮೇಲೆ ದೂರು ತಂದ ಬ್ರಾಹ್ಮಣನತ್ತಲೇ ತಿರುಗಿ, ಅವನ ಕಣ್ಣು ತೆರೆಸುತ್ತೆ. ಮಾಸ್ತಿಯವರು ಆಕ್ಷೇಪ ಎತ್ತಿದರು. ಹೊಸ ಮಾತು ಹೇಳಬೇಕು ಅಂದ್ರೆ ಹೊಸ ಕಥೆ ಮಾಡಿ, ಹಳೆಯದನ್ನು ಯಾಕೆ ತಿದ್ದಬೇಕು ಅನ್ನೋದು ಅವರ ಪಕ್ಷ. ಹಳೆಯ ಕಥೆ ಹೊಸ ಕಾಲದ ದರ್ಶನಕ್ಕೆ ತೆರೆದುಕೊಳ್ಳಬೇಕು ಅನ್ನೋದು ಕುವೆಂಪು ಪಕ್ಷ. ಯಾರೂ ಯಾರ ಪುಸ್ತಕವನ್ನೂ ಸುಡಲಿಲ್ಲ, ಯಾರೂ ಪೊಲೀಸ್ ಠಾಣೆಗೆ ಹೋಗಲಿಲ್ಲ. ಓದುಗರ ಮುಂದೆ ಮಾತಿಗೆ ಮಾತು ಇಟ್ಟರು. ಇವತ್ತಿನ ನಮಗೆ ಇದೂ ಒಂದು ಪಾಠ.

ನನಗೆ ಅನ್ನಿಸೋದು ಇಷ್ಟು. ಹಳೆಯ ನಾಟಕವನ್ನು ಬದಲಿಸಿದರಾ ಅನ್ನೋದು ಸರಿಯಾದ ಪ್ರಶ್ನೆ ಅಲ್ಲ. ಪಂಪನಿಂದ ಹಿಡಿದು ಕಂದಗಲ್ಲರವರೆಗೆ ಎಲ್ಲರೂ ಬದಲಿಸಿದ್ದಾರೆ. ಬದಲಿಸಿದಾಗ ಮಾತು ಇಲ್ಲದವರಿಗೆ ಮಾತು ಸಿಕ್ಕಿತಾ, ಇಲ್ಲಾ ಇದ್ದ ಮಾತನ್ನೂ ಕಿತ್ತುಕೊಂಡರಾ, ಅದನ್ನು ನೋಡಬೇಕು. ಶಂಬೂಕನಿಗೆ ಕುವೆಂಪು ಮಾತು ಕೊಟ್ಟರು. ದುರ್ಯೋಧನನಿಗೆ ರನ್ನ ಕಣ್ಣೀರು ಕೊಟ್ಟ. ದ್ರೌಪದಿಯ ಬಾಯಿಗೆ ಮಾತ್ರ ಆಕೆ ಆಡದ ಮಾತನ್ನು ತುರುಕಿ, ಆಡಿದ ಮಾತನ್ನು ಕತ್ತರಿಸಿದ್ದೀವಿ. ವಿಯೆನ್ನಾದಲ್ಲಿ ಷೈಲಾಕನಿಗೆ ಆದ ಹಾಗೆ, ಕಲೆಯ ಹೆಸರಿನಲ್ಲಿ ಬಲವಿಲ್ಲದವರ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ ನೋಡಿ.

ಆಕೆ ಆಡಿದ ಮಾತು ಏನು? ದೂತ ಬಂದು 'ತಾಯಿ, ನಿಮ್ಮನ್ನು ಜೂಜಿನಲ್ಲಿ ಸೋತಿದ್ದಾರೆ' ಅಂದಾಗ ದ್ರೌಪದಿ ಅಳಲಿಲ್ಲ. ಒಂದು ಪ್ರಶ್ನೆ ಕಳಿಸಿದಳು. ಯುಧಿಷ್ಠಿರ ಮೊದಲು ತನ್ನನ್ನು ಸೋತನಾ, ಮೊದಲು ನನ್ನನ್ನು ಸೋತನಾ? ತನ್ನನ್ನೇ ಸೋತು ದಾಸನಾದವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಇದು ಕಾನೂನಿನ ಪ್ರಶ್ನೆ. ಬಳ್ಳಾರಿಯ ಆ ಮೂವರು ವಕೀಲರೂ ಎದ್ದು ನಿಂತು ಗೌರವ ಕೊಡಬೇಕಾದ ಪ್ರಶ್ನೆ. ಭೀಷ್ಮ ಧರ್ಮ ಸೂಕ್ಷ್ಮ ಅಂದು ಸುಮ್ಮನಾದ. ದ್ರೋಣ ಬಾಯಿ ಬಿಡಲಿಲ್ಲ. ಆ ಸಭೆಯಲ್ಲಿ ಎದ್ದು ನಿಂತು ಆಕೆಯನ್ನು ಸೋತಿಲ್ಲ ಅಂತ ವಾದಿಸಿದವನು ವಿಕರ್ಣ, ದುರ್ಯೋಧನನ ಸ್ವಂತ ತಮ್ಮ! ನಮ್ಮ ಎಷ್ಟೋ ನಾಟಕಗಳಲ್ಲಿ ಈ ವಿಕರ್ಣನ ಪಾರ್ಟು ಹುಡುಕಿದರೂ ಸಿಗಲ್ಲ. ಪ್ರಶ್ನೆ ಎರಡು ಸಾಲಿನಲ್ಲಿ ಮುಗಿದು, ಸೀರೆ ಎಳೆಯೋ ದೃಶ್ಯಕ್ಕೆ ಕಾಲು ಗಂಟೆ ಹೋಗುತ್ತೆ.

ಹಚ್ಚೊಳ್ಳಿ, ಸಿರುಗುಪ್ಪ, ಕುರುಗೋಡು ಕಡೆಯ ನಾಟಕದ ಮಾಸ್ತರುಗಳಿಗೆ, ಕಲಾವಿದರಿಗೆ ನನ್ನದೊಂದು ಮನವಿ. ದುರ್ಯೋಧನನ ಗತ್ತು ಕಡಿಮೆ ಮಾಡಬೇಡಿ. ಒನ್ಸ್‌ಮೋರ್ ಅವನಿಗೆ ಸಲ್ಲಲಿ. ಬರುವ ಜಾತ್ರೆಯ ತಾಲೀಮಿನಲ್ಲಿ ಎರಡೇ ಕೆಲಸ ಮಾಡಿ. ಮಯಸಭೆಯಲ್ಲಿ ದ್ರೌಪದಿಯ ಬಾಯಿಂದ ಆ ಕುರುಡನ ಮಾತು ತೆಗೆದುಬಿಡಿ. ಸಭೆಯಲ್ಲಿ ಆಕೆಯ ಪ್ರಶ್ನೆಯನ್ನು ಪೂರ್ತಿ ಕೇಳಲು ಬಿಡಿ. ಊರಿನ ಯಾವನಾದರೂ ಒಬ್ಬ ಹುಡುಗನಿಗೆ ವಿಕರ್ಣನ ವೇಷ ಹಾಕಿಸಿ. ಚಾಪೆಯ ಮೇಲೆ ಕೂತ ತಾಯಂದಿರು, ತಂಗಿಯರು ಆ ಪ್ರಶ್ನೆ ಕೇಳಿಸಿಕೊಳ್ಳಲಿ. ಅವರ ಪಕ್ಕದಲ್ಲೇ ಕೂತ ಗಂಡಸರು ಅದಕ್ಕೆ ಏನು ಉತ್ತರ ಕೊಡ್ತಾರೋ ನೋಡೋಣ. ಭೀಷ್ಮನಿಗಂತೂ ಆಗಲಿಲ್ಲ.